ಸೂತ್ರ ಮತ್ತು ಸಂಖ್ಯೆ: ಭಾಷಾವಿಜ್ಞಾನಕ್ಕೂ ಗಣಕಸಂಶೋಧನೆಗೂ ಇರುವ ಸಂಬಂಧದ ವಿಮರ್ಶೆ

೧

ಭಾಷೆಯನ್ನು ಕುರಿತು ಕೇಳಬಹುದಾದ ಪ್ರಶ್ನೆಗಳಲ್ಲಿ ಎರಡು ಪ್ರಧಾನವಾದುವು. ಒಂದು ಭಾಷೆಯಲ್ಲಿ ಯಾವ ಮಾತು ಸಾಧು, ಯಾವುದು ಅಸಾಧು, ಅದಕ್ಕೆ ಕಾರಣವೇನು ಎಂಬುದು ಮೊದಲನೆಯದು. ಸಾಧುವಾದ ಅನೇಕ ಮಾತುಗಳಲ್ಲಿ ಗೊತ್ತಾದ ಒಂದು ಸಂದರ್ಭದಲ್ಲಿ ಯಾವುದು ಬರುವ ಸಂಭವ ಹೆಚ್ಚು ಎಂಬುದು ಎರಡನೆಯದು. ಮೊದಲನೆಯದಕ್ಕೆ ವೈಯಾಕರಣನು ಸೂತ್ರಗಳಿಂದ ಉತ್ತರ ಹೇಳುತ್ತಾನೆ. ಎರಡನೆಯದಕ್ಕೆ ಗಣಕಯಂತ್ರವು ಎಣಿಕೆಯಿಂದ ಉತ್ತರ ಹೇಳುತ್ತದೆ. ಸೂತ್ರಬದ್ಧವಾದ ಭಾಷಾವಿಜ್ಞಾನಕ್ಕೂ ಗಣಕಯಂತ್ರದ ಮೂಲಕ ನಡೆಯುವ ಭಾಷಾಸಂಶೋಧನೆಗೂ ಇರುವ ಸಂಬಂಧ ಕಳೆದ ಎಪ್ಪತ್ತು ವರ್ಷಗಳಲ್ಲಿ ಒಮ್ಮೆ ಸ್ನೇಹವಾಗಿ, ಒಮ್ಮೆ ಕಲಹವಾಗಿ, ಮತ್ತೊಮ್ಮೆ ಬರಿಯ ಉಪೇಕ್ಷೆಯಾಗಿ ಸಾಗಿಬಂದಿದೆ. ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ಎಣಿಸಿದುದೇ ಈ ಕಲಹದ ಮೂಲವೆಂದು ನಮಗೆ ತೋರುತ್ತದೆ.

೨೦೨೩ರಲ್ಲಿ ಈ ಕಲಹ ಸಾಮಾನ್ಯ ಓದುಗರ ಕಿವಿಗೂ ಬಿದ್ದಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ನೋಮ್ ಚಾಮ್‌ಸ್ಕಿಯವರು ಇಯಾನ್ ರಾಬರ್ಟ್ಸ್ ಮತ್ತು ಜೆಫ್ರಿ ವಾಟುಮುಲ್ ಅವರೊಡಗೂಡಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ, ಚಾಟ್‌ಜಿಪಿಟಿಯಂತಹ ಯಂತ್ರಗಳು ಮನುಷ್ಯಭಾಷೆಯ ಸ್ವರೂಪದ ಬಗೆಗೆ ಏನನ್ನೂ ತಿಳಿಸಲಾರವೆಂದು ವಾದಿಸಿತು. ಅದೇ ವರ್ಷ ಸ್ಟೀವನ್ ಪಿಯಾಂಟಡೋಸಿಯವರು ಇದಕ್ಕೆ ತೀರ ವಿರುದ್ಧವಾಗಿ, ಈ ಯಂತ್ರಗಳ ಯಶಸ್ಸೇ ಚಾಮ್‌ಸ್ಕಿಯವರ ಮಾರ್ಗವನ್ನು ಖಂಡಿಸುತ್ತದೆಂದು ಬರೆದರು. ಒಬ್ಬರ ಮಾತಿನಂತೆ ಯಂತ್ರದಿಂದ ವ್ಯಾಕರಣಕ್ಕೆ ಪ್ರಯೋಜನವಿಲ್ಲ. ಇನ್ನೊಬ್ಬರ ಮಾತಿನಂತೆ ಆ ವ್ಯಾಕರಣಕ್ಕೇ ಇನ್ನು ನೆಲೆಯಿಲ್ಲ. ಈ ಎರಡು ನಿಲುವುಗಳನ್ನೂ ಚರಿತ್ರೆಯ ಮುಂದೆ, ಆಮೇಲೆ ಕನ್ನಡದ ಮುಂದೆ ನಿಲ್ಲಿಸಿ ನೋಡುವುದು ಈ ಲೇಖನದ ಉದ್ದೇಶ.

೨

ಎಣಿಕೆಯ ಮಾರ್ಗ ಹೊಸದೇನಲ್ಲ. ರಷ್ಯದ ಗಣಿತಜ್ಞ ಮಾರ್ಕೊವ್ ೧೯೧೩ರಲ್ಲಿ ಪುಷ್ಕಿನ್ ಕವಿಯ ‘ಯೆವ್ಗೆನಿ ಒನೆಗಿನ್’ ಕಾವ್ಯದಿಂದ ೨೦,೦೦೦ ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ಮುಂದೆ ಸ್ವರವೆಷ್ಟು ಸಲ, ವ್ಯಂಜನವೆಷ್ಟು ಸಲ ಬರುತ್ತದೆಂದು ಕೈಯಿಂದಲೇ ಎಣಿಸಿದನು. ೧೯೪೮ರಲ್ಲಿ ಕ್ಲಾಡ್ ಶಾನನ್ ಇದೇ ಜಾಡಿನಲ್ಲಿ ಮುಂದುವರಿದು, ಹಿಂದಿನ ಒಂದೆರಡು ಪದಗಳನ್ನು ನೋಡಿ ಮುಂದಿನ ಪದವನ್ನು ಊಹಿಸುವ ಕ್ರಮವನ್ನು ವಿವರಿಸಿದನು. ಇಂದಿನ ಬೃಹದ್ಯಂತ್ರಗಳು ಮಾಡುವ ಕೆಲಸದ ಬೀಜ ಅಲ್ಲಿಯೇ ಇದೆ. ಗಾತ್ರ ಮತ್ತು ಸಾಧನೆಗಳಲ್ಲಿ ಅಂತರ ಬಹಳ.

ಸೂತ್ರಮಾರ್ಗದ ಪ್ರಾಚೀನತೆಯನ್ನು ನಮ್ಮ ಓದುಗರಿಗೆ ಹೇಳಬೇಕಾದುದೇ ಇಲ್ಲ. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಪಾಣಿನಿ ಸಂಸ್ಕೃತವನ್ನು ಬಿಗಿದನು. ೧೩ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನೂ, ೧೬೦೪ರಲ್ಲಿ ಭಟ್ಟಾಕಳಂಕನು ೫೯೨ ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನೂ ರಚಿಸಿದರು. ಚಾಮ್‌ಸ್ಕಿಯವರು ೧೯೫೬ ಮತ್ತು ೧೯೫೭ರ ಬರವಣಿಗೆಗಳಲ್ಲಿ ಮಾಡಿದ ಹೊಸ ಕೆಲಸವೆಂದರೆ, ಸೂತ್ರಗಳ ಬಗೆಗಳನ್ನೇ ಗಣಿತದ ವಸ್ತುವಾಗಿ ತೆಗೆದುಕೊಂಡು, ಯಾವ ಬಗೆಯ ಸೂತ್ರಕ್ಕೆ ಎಂತಹ ರಚನೆಗಳನ್ನು ಹುಟ್ಟಿಸುವ ಶಕ್ತಿಯಿದೆ ಎಂದು ವಿಂಗಡಿಸಿದುದು. ಅದರ ಫಲ ಮೊದಲು ಕೈಸೇರಿದುದು ಗಣಕಶಾಸ್ತ್ರಜ್ಞರಿಗೆ. ಜಾನ್ ಬ್ಯಾಕಸ್ ೧೯೫೯ರಲ್ಲಿ ಸೂಚಿಸಿ, ಪೀಟರ್ ನೌರ್ ‘ಆಲ್ಗಾಲ್ ೬೦’ ವರದಿಯಲ್ಲಿ ಬಳಸಿದ ಸಂಕೇತಪದ್ಧತಿ ಈ ವಿಂಗಡಣೆಯ ಒಂದು ವರ್ಗಕ್ಕೆ ಸರಿಹೊಂದುತ್ತದೆ. ಯಂತ್ರಕ್ಕೆ ಆದೇಶ ಕೊಡುವ ಕೃತಕಭಾಷೆಗಳ ವ್ಯಾಕರಣವನ್ನು ಅಂದಿನಿಂದಲೂ ಈ ಕ್ರಮದಲ್ಲಿ ಬರೆಯುತ್ತಾರೆ. ೧೯೬೭ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಗಣಕವಿದ್ವಾಂಸರ ಪತ್ರಿಕೆಗೆ ಕಾಗದ ಬರೆದು, ಈ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದರು.

ಮನುಷ್ಯಭಾಷೆಯ ವಿಷಯದಲ್ಲಿ ಇಷ್ಟು ಸುಲಭವಾಗಿ ಗೆಲುವು ದೊರೆಯಲಿಲ್ಲ. ೧೯೫೪ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯವೂ ಐ.ಬಿ.ಎಮ್. ಸಂಸ್ಥೆಯೂ ಕೂಡಿ ೨೫೦ ಪದ, ಆರು ಸೂತ್ರಗಳಿಂದ ಅರುವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸಿದಾಗ ಆಸೆ ಗಗನಕ್ಕೇರಿತ್ತು. ೧೯೬೦ರಲ್ಲಿ ಬಾರ್-ಹಿಲ್ಲೆಲ್ ಅವರು ಇಂಗ್ಲಿಷಿನ ಒಂದು ಚಿಕ್ಕ ವಾಕ್ಯದಿಂದ ಆ ಆಸೆಯ ಮಿತಿಯನ್ನು ತೋರಿಸಿದರು. ಅದರಲ್ಲಿದ್ದ ಒಂದು ಪದಕ್ಕೆ ಲೇಖನಿಯೆಂದೂ ಮಕ್ಕಳನ್ನು ಆಡಲು ಬಿಡುವ ಕಟಕಟೆಯೆಂದೂ ಎರಡು ಅರ್ಥ. ಪೆಟ್ಟಿಗೆ ಲೇಖನಿಯೊಳಗೆ ಹಿಡಿಸದೆಂಬ ಲೋಕಜ್ಞಾನವಿಲ್ಲದೆ ಅಲ್ಲಿ ಅರ್ಥನಿರ್ಣಯ ಸಾಧ್ಯವಿಲ್ಲ. ಆ ಜ್ಞಾನ ಯಾವ ವ್ಯಾಕರಣದಲ್ಲಿಯೂ ಇಲ್ಲ. ೧೯೬೬ರಲ್ಲಿ ಅಮೆರಿಕದ ಅಲ್ಪಾಕ್ ಸಮಿತಿಯ ವರದಿ ಹೊರಬಂದಿತು. ಯಂತ್ರಾನುವಾದಕ್ಕೆ ಬರುತ್ತಿದ್ದ ಹಣ ಬತ್ತಿತು. ಅದೇ ವರದಿ ಗಣಕಭಾಷಾವಿಜ್ಞಾನವನ್ನು ಶುದ್ಧ ವಿಜ್ಞಾನವಾಗಿ ಪೋಷಿಸಬೇಕೆಂದು ಶಿಫಾರಸು ಮಾಡಿತ್ತೆಂಬುದನ್ನು ಅನೇಕರು ಮರೆತಿದ್ದಾರೆ.

೩

ಮೊದಲು ಸೂತ್ರಪಕ್ಷದ ದೋಷವನ್ನು ನೋಡೋಣ. ೧೯೫೭ರಲ್ಲಿ ಚಾಮ್‌ಸ್ಕಿಯವರು ಅರ್ಥವಿಲ್ಲದ, ಆದರೆ ವ್ಯಾಕರಣಕ್ಕೆ ಒಪ್ಪುವ ಒಂದು ಇಂಗ್ಲಿಷ್ ವಾಕ್ಯವನ್ನೂ ಅದರ ಪದಗಳನ್ನು ತಿರುಗುಮುರುಗಾಗಿಸಿದ ಸಾಲನ್ನೂ ಮುಂದಿಟ್ಟರು. ಇವೆರಡೂ ಹಿಂದೆಂದೂ ಯಾರ ಬಾಯಲ್ಲಿಯೂ ಬಂದಿರಲಾರವು. ಆದಕಾರಣ ಎಣಿಕೆಗೆ ಇವೆರಡೂ ಸಮಾನ. ಮನುಷ್ಯನಿಗಾದರೋ ಒಂದು ಸಾಧು, ಇನ್ನೊಂದು ಅಸಾಧು. ಹೀಗೆಂದು ಅವರು ಎಣಿಕೆಯನ್ನು ಬದಿಗೊತ್ತಿದರು. ಈ ತರ್ಕ ಬಹುಕಾಲ ಪ್ರಮಾಣವೆಂದು ನಡೆಯಿತು. ಕಂಡ ಮಾತುಗಳನ್ನು ಮಾತ್ರ ಎಣಿಸುವ ಒರಟು ಲೆಕ್ಕಕ್ಕೆ ಇದು ನಿಜವೂ ಹೌದು. ಆದರೆ ೨೦೦೦ದಲ್ಲಿ ಫರ್ನಾಂಡೊ ಪೆರೇರಾ ಅವರು, ಪದಗಳನ್ನು ಅವುಗಳ ನಡತೆಗನುಸಾರವಾಗಿ ವರ್ಗಗಳನ್ನಾಗಿ ಕಲಿತುಕೊಳ್ಳುವ ಸಾಮಾನ್ಯವಾದ ಒಂದು ಸಂಖ್ಯಾಪದ್ಧತಿಯನ್ನೇ ಬಳಸಿ, ಸಾಧುವಾಕ್ಯದ ಸಂಭವ ಅಸಾಧುವಾದುದರ ಸುಮಾರು ಎರಡು ಲಕ್ಷ ಪಟ್ಟು ಎಂದು ತೋರಿಸಿದರು. ಕಾಣದ ಮಾತಿನ ಬಗೆಗೂ ಎಣಿಕೆ ತೀರ್ಪು ಕೊಡಬಲ್ಲದೆಂದಾಯಿತು.

೨೦೨೩ರ ಲೇಖನದ ಮುಖ್ಯ ವಾದಕ್ಕೂ ಇಂತಹುದೇ ಗತಿ ಒದಗಿತು. ಮನುಷ್ಯರಿಗೆ ಸಾಧ್ಯವಾದ ಭಾಷೆಗಳನ್ನೂ ಅಸಾಧ್ಯವಾದ ಭಾಷೆಗಳನ್ನೂ ಯಂತ್ರಗಳು ಸಮಾನವಾಗಿ ಕಲಿಯುತ್ತವೆ, ಆದುದರಿಂದ ಅವುಗಳಿಂದ ಕಲಿಯತಕ್ಕದ್ದಿಲ್ಲ ಎಂಬುದು ಆ ವಾದ. ಇದು ಪ್ರಯೋಗದಿಂದ ಪರೀಕ್ಷಿಸಬಹುದಾದ ಮಾತು. ಜೂಲಿ ಕಲ್ಲಿನಿ ಮತ್ತು ಸಹಸಂಶೋಧಕರು ೨೦೨೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಪರೀಕ್ಷಿಸಿದರು. ಇಂಗ್ಲಿಷಿನ ಪದಗಳನ್ನು ನಾನಾ ಬಗೆಯಲ್ಲಿ ಕಲಸಿ, ಕ್ರಿಯಾಪದದ ಚಿಹ್ನೆಯನ್ನು ಇಂತಿಷ್ಟು ಪದಗಳಾಚೆ ಇಡಬೇಕೆಂಬಂತಹ ಅಸ್ವಾಭಾವಿಕ ನಿಯಮಗಳನ್ನು ಕಲ್ಪಿಸಿ ಯಂತ್ರಕ್ಕೆ ಕಲಿಸಿದಾಗ, ಅದು ಸಹಜವಾದ ಇಂಗ್ಲಿಷನ್ನು ಕಲಿತಷ್ಟು ಚೆನ್ನಾಗಿ ಅವನ್ನು ಕಲಿಯಲಿಲ್ಲ. ಇದರಿಂದ ಯಂತ್ರ ಮನುಷ್ಯನಂತೆ ಕಲಿಯುತ್ತದೆಂದು ಸಿದ್ಧವಾಗುವುದಿಲ್ಲ; ಎರಡೂ ಬಗೆಯವು ಅದಕ್ಕೆ ಸಮಾನವೆಂಬ ಮಾತು ಮಾತ್ರ ಬಿದ್ದುಹೋಗುತ್ತದೆ. ಪರೀಕ್ಷೆಗೆ ಮೊದಲೇ ತೀರ್ಪು ಕೊಡುವುದು ಸೂತ್ರಪಕ್ಷದ ಹಳೆಯ ಚಾಳಿ ಎಂದರೆ ಕಟುವಾಗಬಹುದು, ಸುಳ್ಳಾಗದು.

೪

ಸಂಖ್ಯಾಪಕ್ಷದ ದೋಷ ಬೇರೆ ಬಗೆಯದು. ೧೯೭೦ರ ದಶಕದಲ್ಲಿ ಐ.ಬಿ.ಎಮ್. ಸಂಸ್ಥೆಯ ಫ್ರೆಡ್ ಜೆಲಿನೆಕ್ ಮತ್ತು ಅವರ ಸಂಗಡಿಗರು ಆಡುಮಾತನ್ನು ಯಂತ್ರ ಗುರುತಿಸುವಂತೆ ಮಾಡಲು ಎಣಿಕೆಯ ದಾರಿಯನ್ನು ಹಿಡಿದರು. ೧೯೯೦ರಲ್ಲಿ ಅದೇ ಗುಂಪಿನವರು ಕೆನಡ ದೇಶದ ಲೋಕಸಭೆಯ ಇಂಗ್ಲಿಷ್-ಫ್ರೆಂಚ್ ನಡವಳಿಗಳಿಂದ ಅನುವಾದವನ್ನೂ ಎಣಿಕೆಯಿಂದಲೇ ಸಾಧಿಸಬಹುದೆಂದು ತೋರಿಸಿದರು. ಭಾಷಾವಿಜ್ಞಾನಿಯೊಬ್ಬ ಗುಂಪನ್ನು ಬಿಟ್ಟಾಗಲೆಲ್ಲ ಯಂತ್ರದ ಕೆಲಸ ಸುಧಾರಿಸುತ್ತದೆ ಎಂಬ ಅರ್ಥದ ವಿನೋದವೊಂದು ಜೆಲಿನೆಕ್ ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಅವರೇ ೨೦೦೪ರಲ್ಲಿ ಮಾಡಿದ ಒಂದು ಭಾಷಣಕ್ಕೆ, ತಮ್ಮ ಅತ್ಯಾಪ್ತ ಸ್ನೇಹಿತರಲ್ಲಿ ಕೆಲವರು ಭಾಷಾವಿಜ್ಞಾನಿಗಳೆಂಬ ಅರ್ಥದ ತಲೆಬರಹ ಕೊಟ್ಟರೆಂಬುದು ಅಷ್ಟು ಪ್ರಚಲಿತವಾಗಿಲ್ಲ.

ಎಣಿಕೆಯ ಯುಗದ ಅನೇಕ ಗೆಲುವುಗಳ ಅಡಿಯಲ್ಲಿ ವೈಯಾಕರಣರ ದುಡಿಮೆಯಿದೆ. ೧೯೯೩ರಲ್ಲಿ ವಿವರಣೆ ಪ್ರಕಟವಾದ ‘ಪೆನ್ ಟ್ರೀಬ್ಯಾಂಕ್’ ಎಂಬ ಸಂಗ್ರಹದಲ್ಲಿ ಸುಮಾರು ೪೫ ಲಕ್ಷ ಪದಗಳ ಇಂಗ್ಲಿಷ್ ಬರಹಕ್ಕೆ ವ್ಯಾಕರಣದ ಗುರುತುಗಳನ್ನು ಹಾಕಲಾಗಿದೆ. ಯಂತ್ರ ಮೊದಲು ಹಾಕಿದ ಗುರುತನ್ನು ಮನುಷ್ಯರು ಒಂದೊಂದಾಗಿ ನೋಡಿ ತಿದ್ದಿದರು. ಮುಂದೆ ಬಹುಕಾಲ ವಾಕ್ಯವಿಶ್ಲೇಷಣೆಯ ಯಂತ್ರಗಳೆಲ್ಲ ಪಾಠ ಕಲಿತುದು, ಪರೀಕ್ಷೆಗೆ ಒಳಗಾದುದು ಇದರ ಮೇಲೆಯೇ. ಅದೇ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅರವಿಂದ ಜೋಶಿಯವರು (೧೯೨೯-೨೦೧೭) ಪುಣೆಯಲ್ಲಿ ಹುಟ್ಟಿ, ಅಲ್ಲಿ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಓದಿದವರು. ಮನುಷ್ಯಭಾಷೆಗೆ ಚಾಮ್‌ಸ್ಕಿಯವರ ವಿಂಗಡಣೆಯ ಎರಡು ಮೆಟ್ಟಿಲುಗಳ ನಡುವಣ ಶಕ್ತಿ ಸಾಕೆಂಬ ಅವರ ಸಿದ್ಧಾಂತ ವ್ಯಾಕರಣವೂ ಹೌದು, ಗಣಕಶಾಸ್ತ್ರವೂ ಹೌದು.

ಸೂತ್ರವೂ ಗಣಕವೂ ಕೂಡಿದ ಇನ್ನೊಂದು ನಿದರ್ಶನ ನಮಗೆ ಹೆಚ್ಚು ಹತ್ತಿರದ್ದು. ಧ್ವನಿವ್ಯತ್ಯಾಸಗಳನ್ನು ಹೇಳುವ ಸೂತ್ರಗಳು, ವೈಯಾಕರಣರು ಅವನ್ನು ಬಳಸುವ ರೀತಿಯಲ್ಲಿ, ಅತ್ಯಂತ ಸರಳವಾದ ಯಂತ್ರಕ್ಕೂ ನಿಲುಕುತ್ತವೆಂದು ಡಗ್ಲಸ್ ಜಾನ್ಸನ್ ೧೯೭೨ರಲ್ಲಿ ತೋರಿಸಿದರು. ರೊನಾಲ್ಡ್ ಕಾಪ್ಲನ್ ಮತ್ತು ಮಾರ್ಟಿನ್ ಕೇ ಇದನ್ನು ಸ್ವತಂತ್ರವಾಗಿ ಕಂಡುಕೊಂಡು ೧೯೯೪ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಪ್ರತ್ಯಯಬಹುಳವಾದ ಫಿನ್ನಿಷ್ ಭಾಷೆಗೆ ಕಿಮ್ಮೊ ಕೊಸ್ಕೆನ್ನಿಯೆಮಿಯವರು ೧೯೮೩ರಲ್ಲಿ ಇಂತಹ ಯಂತ್ರವನ್ನು ಕಟ್ಟಿದರು. ಪದವನ್ನು ಕಟ್ಟುವುದಕ್ಕೂ ಒಡೆಯುವುದಕ್ಕೂ ಅದೇ ಸೂತ್ರಗಳು ಸಾಕು ಎಂಬುದು ಇದರ ವಿಶೇಷ. ಸಂಧಿ ಬಿಡಿಸುವುದನ್ನು ಶಾಲೆಯಲ್ಲಿ ಕಲಿತ ಪ್ರತಿಯೊಬ್ಬ ಕನ್ನಡಿಗನಿಗೂ ಈ ಮಾತಿನ ಬೆಲೆ ಗೊತ್ತು.

ಲೆಕ್ಕದ ಪುಸ್ತಕಗಳ ನಡುವೆ ದುಡಿಯುವವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಜಮೆಯ ಮೊತ್ತವೂ ಖರ್ಚಿನ ಮೊತ್ತವೂ ತಾಳೆಯಾದ ಮಾತ್ರಕ್ಕೆ ಲೆಕ್ಕ ಶುದ್ಧವೆಂದಾಗದು. ಒಂದು ತಪ್ಪು ಇನ್ನೊಂದನ್ನು ಮುಚ್ಚಿರಬಹುದು. ಒಬ್ಬನ ಖಾತೆಗೆ ಹೋಗಬೇಕಾದ ಹಣ ಮತ್ತೊಬ್ಬನ ಖಾತೆಗೆ ಹೋಗಿಯೂ ಮೊತ್ತ ಸರಿಬರಬಹುದು. ಆದರೆ ಮೊತ್ತ ತಾಳೆಯಾಗದಿದ್ದರೆ ತಪ್ಪು ಇದ್ದೇ ಇದೆ. ಯಂತ್ರದ ಯಶಸ್ಸು ತಾಳೆಯಾದ ಮೊತ್ತವಿದ್ದಂತೆ. ಒಳಗಿನ ಒಂದೊಂದು ನಮೂದೂ ಸರಿಯೆಂದು ಅದು ಹೇಳುವುದಿಲ್ಲ. ಅಂತೆಯೇ ನಿಜವಾದ ಮಾತುಗಳೊಡನೆ ತಾಳೆಯಾಗದ ಸೂತ್ರ ಎಷ್ಟು ಸುಂದರವಾಗಿದ್ದರೂ ನಿಲ್ಲದು. ಎರಡೂ ಪಕ್ಷಗಳು ಈ ನಿಯಮದ ಅರ್ಧವನ್ನು ಮಾತ್ರ ಹಿಡಿದಿವೆ.

೫

ಇನ್ನು ಕನ್ನಡದ ಕಡೆಗೆ ತಿರುಗೋಣ. ಇಂದಿನ ಯಂತ್ರಗಳು ಪದಗಳನ್ನು ತುಂಡುಗಳನ್ನಾಗಿ ಮಾಡಿ ಓದುತ್ತವೆ. ಕಡತಗಳ ಗಾತ್ರವನ್ನು ಕುಗ್ಗಿಸುವುದಕ್ಕಾಗಿ ಫಿಲಿಪ್ ಗೇಜ್ ಎಂಬವರು ೧೯೯೪ರಲ್ಲಿ ವಿವರಿಸಿದ ಉಪಾಯವೊಂದನ್ನು ೨೦೧೬ರಲ್ಲಿ ರಿಕೊ ಸೆನ್ರಿಚ್ ಮೊದಲಾದವರು ಅನುವಾದಯಂತ್ರಕ್ಕೆ ಅಳವಡಿಸಿದರು. ಹೆಚ್ಚು ಸಲ ಜೊತೆಯಾಗಿ ಬರುವ ಅಕ್ಷರಗಳನ್ನು ಒಂದು ತುಂಡಾಗಿ ಬೆಸೆಯುತ್ತ ಹೋಗುವುದು ಅದರ ಕ್ರಮ. ಪ್ರಕೃತಿಪ್ರತ್ಯಯಗಳ ವಿಚಾರ ಅದಕ್ಕೆ ಬೇಕಿಲ್ಲ. ಪದಗಳು ಚಿಕ್ಕವಾದ, ಬರಹ ವಿಪುಲವಾದ ಇಂಗ್ಲಿಷಿನಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಕನ್ನಡದಲ್ಲಿ ‘ಮನೆಗೆಲಸ’ ಎಂಬ ಪದವನ್ನು ತೆಗೆದುಕೊಳ್ಳೋಣ. ‘ಮನೆಗೆ’ ಎಂಬುದು ಬಹಳ ಸಲ ಬರುವ ತುಂಡಾದುದರಿಂದ, ಎಣಿಕೆಯೊಂದನ್ನೇ ನಂಬಿದ ಯಂತ್ರ ಇದನ್ನು ‘ಮನೆಗೆ-ಲಸ’ ಎಂದು ಕತ್ತರಿಸುವ ಅವಕಾಶವುಂಟು. ಆದೇಶಸಂಧಿಯನ್ನು ಬಲ್ಲ ಹುಡುಗ ‘ಮನೆ-ಕೆಲಸ’ ಎಂದು ಬಿಡಿಸುತ್ತಾನೆ. ‘ಮನೆಯಲ್ಲಿದ್ದವರಿಗೆಲ್ಲ’ ಎಂಬ ಒಂದು ಪದದಲ್ಲಿ ಆಗಮ, ಲೋಪ, ಕೃದಂತ, ಚತುರ್ಥಿ ಎಲ್ಲವೂ ಅಡಗಿವೆ. ಯೂನಿಕೋಡ್ ಪದ್ಧತಿಯ ಲೆಕ್ಕದಲ್ಲಿ ಅದು ೧೯ ಚಿಹ್ನೆ. ಯುಟಿಎಫ್-೮ ರೂಪದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು; ಎಂದರೆ ಈ ಒಂದು ಪದಕ್ಕೆ ೫೭ ಬೈಟು. ತುಂಡುಗಳ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಳ ಕಡಿಮೆಯಾದಷ್ಟೂ ಒಂದೊಂದು ಪದವೂ ಹೆಚ್ಚು ಚೂರುಗಳಾಗಿ ಒಡೆಯುತ್ತದೆ.

ವಾಕ್ಯದ ಮಟ್ಟದಲ್ಲಿ ಒಂದು ಉದಾಹರಣೆ: ‘ಹುಲಿ ಕೊಂದ ಬೇಟೆಗಾರ’. ಇಲ್ಲಿ ಸತ್ತದ್ದು ಹುಲಿಯೋ ಬೇಟೆಗಾರನೋ? ನಮ್ಮ ಭಾಷೆಯಲ್ಲಿ ದ್ವಿತೀಯಾ ಪ್ರತ್ಯಯ ಮರೆಯಾಗಬಲ್ಲದು. ‘ಕೊಂದ’ ಎಂಬ ಕೃದಂತ ಮುಂದಿನ ನಾಮಪದವು ಕರ್ತೃವೋ ಕರ್ಮವೋ ಎಂಬುದನ್ನು ತಿಳಿಸುವುದಿಲ್ಲ. ಇಲ್ಲಿ ಎರಡು ಅರ್ಥಗಳಿವೆ, ಅದಕ್ಕೆ ಕಾರಣವಿಂತಹುದು ಎಂದು ತೋರಿಸುವುದು ಸೂತ್ರ. ಎರಡರಲ್ಲಿ ಪ್ರಕೃತಕ್ಕೆ ಯಾವುದು ಸಂಭವನೀಯವೆಂದು ಆರಿಸುವುದು ಸಂಖ್ಯೆ. ಸೂತ್ರ ಆರಿಸಲಾರದು, ಸಂಖ್ಯೆ ಆರಿಸಿದುದಕ್ಕೆ ಕಾರಣ ಹೇಳಲಾರದು. ವಿನೀತ ಚೈತನ್ಯ, ರಾಜೀವ ಸಂಗಲ್ ಮೊದಲಾದವರು ‘ಅಕ್ಷರ ಭಾರತಿ’ ಎಂಬ ಹೆಸರಿನಿಂದ ಕೆಲಸಮಾಡಿ, ೧೯೯೫ರಲ್ಲಿ ಪಾಣಿನಿಯ ಕಾರಕದೃಷ್ಟಿಯಿಂದ ಗಣಕಭಾಷಾಶಾಸ್ತ್ರವನ್ನು ನಿರೂಪಿಸುವ ಗ್ರಂಥವನ್ನು ಹೊರತಂದರು. ಕನ್ನಡ, ತೆಲುಗು, ಮರಾಠಿ ಮೊದಲಾದ ಭಾಷೆಗಳಿಂದ ಹಿಂದಿಗೆ ಅವರು ಕಟ್ಟಿದ ‘ಅನುಸಾರಕ’ ವ್ಯವಸ್ಥೆ, ಯಂತ್ರಕ್ಕೆ ತಿಳಿಯದುದನ್ನು ಊಹಿಸಿ ಮುಚ್ಚಿಡದೆ ಓದುಗನ ಮುಂದೆಯೇ ಇಡುವ ನಿಲುವನ್ನು ತಾಳಿತ್ತು. ನುಣುಪಾದ ಅನುವಾದ ಅದರಿಂದ ದೊರೆಯಲಿಲ್ಲವೆಂಬುದು ನಿಜ. ಆ ಪ್ರಾಮಾಣಿಕತೆ ಇಂದಿನ ನಿರರ್ಗಳವಾದ ಯಂತ್ರಗಳಿಗೆ ಇಲ್ಲವೆಂಬುದೂ ನಿಜ.

ಕಲಿಕೆಯ ವಿಷಯದಲ್ಲಿಯೂ ಕನ್ನಡ ಸಾಕ್ಷ್ಯ ನುಡಿದಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೀಟ್‌ಮನ್, ಲೀಲಾ ಗ್ಲೀಟ್‌ಮನ್ ಅವರು ೨೦೦೩ರಲ್ಲಿ ಕನ್ನಡ ಕಲಿಯುತ್ತಿದ್ದ ಮೂರು ವರ್ಷದ ಮಕ್ಕಳನ್ನು ಕುರಿತ ಸಂಶೋಧನೆಯನ್ನು ಪ್ರಕಟಿಸಿದರು. ‘ಓಡು’ ಎಂಬುದು ‘ಓಡಿಸು’ ಆಗುವಾಗ ಬರುವ ‘ಇಸು’ ಪ್ರತ್ಯಯ, ಧಾತುವಿನ ಮೇಲೆ ಬಂದಾಗ, ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸಿದರೆಂಬುದಕ್ಕೆ ನಂಬಬಹುದಾದ ಗುರುತು. (‘ಪ್ರೀತಿಸು’ ಎಂಬಲ್ಲಿ ನಾಮಪದದಿಂದ ಧಾತುವನ್ನು ಮಾಡುವ ‘ಇಸು’ ಬೇರೆ.) ವಾಕ್ಯದಲ್ಲಿ ಎರಡು ನಾಮಪದಗಳಿರುವುದು ಅಷ್ಟು ನಂಬಲರ್ಹವಾದ ಗುರುತಲ್ಲ, ‘ಹುಡುಗ ಹಕ್ಕಿಯನ್ನು ನೋಡಿದ’ ಎಂಬಲ್ಲಿ ಎರಡಿದ್ದರೂ ಪ್ರೇರಣೆಯಿಲ್ಲ. ಕಿವಿಗೆ ಬಿದ್ದುದರ ಎಣಿಕೆಯೇ ಗುರುವಾಗಿದ್ದರೆ ಮಕ್ಕಳು ‘ಇಸು’ವನ್ನು ಹಿಡಿಯಬೇಕಾಗಿತ್ತು. ಅವರು ಹಿಡಿದುದು ನಾಮಪದಗಳ ಸಂಖ್ಯೆಯನ್ನು. ಮಗು ಭಾಷೆಯ ಬಾಗಿಲಿಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲವೆಂದು ಸಂಶೋಧಕರು ಇದರಿಂದ ತರ್ಕಿಸಿದರು. ಒಂದು ಪ್ರಯೋಗದಿಂದ ವಾದ ಮುಗಿಯಿತೆಂದು ನಾವು ಹೇಳುವುದಿಲ್ಲ. ಆದರೂ ಯಂತ್ರ ಮತ್ತು ಮಗು ಇಬ್ಬರೂ ಕೊನೆಗೆ ಸರಿಯಾದ ಕನ್ನಡವನ್ನೇ ಆಡಿದರೂ ಅಲ್ಲಿಗೆ ಸೇರಿದ ದಾರಿ ಒಂದೇ ಆಗಿರಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

೬

ಇದರಿಂದ ನಮ್ಮ ಮೇಲೆ ಬೀಳುವ ಹೊಣೆಯೇನು? ಯಂತ್ರದ ಕನ್ನಡವನ್ನು ಅಳೆಯುವ ಕೋಲನ್ನು ಕನ್ನಡದ ವ್ಯಾಕರಣವನ್ನು ಬಲ್ಲವರೇ ಸಿದ್ಧಪಡಿಸಬೇಕು. ಇಂಗ್ಲಿಷಿಗೆ ೨೦೨೦ರಲ್ಲಿ ಬಂದ ‘ಬ್ಲಿಂಪ್’ ಎಂಬ ಸಂಗ್ರಹದಲ್ಲಿ ವ್ಯಾಕರಣದ ಒಂದೊಂದು ಅಂಶಕ್ಕೂ ಸಾವಿರ ಜೋಡಿಯಂತೆ ೬೭ ಬಗೆಯ ಸಾಧು-ಅಸಾಧು ವಾಕ್ಯಗಳ ಜೋಡಿಗಳಿವೆ. ಕನ್ನಡಕ್ಕೆ ಇದನ್ನು ಭಾಷಾಂತರಿಸಿಕೊಂಡರೆ ಫಲವಿಲ್ಲ. ನಮ್ಮ ಭಾಷೆಯ ತೊಡಕುಗಳು ಬೇರೆ. ‘ರಾಮನು ಊಟಮಾಡಿ ಹೊರಟನು’ ಸಾಧು; ‘ರಾಮನು ಊಟಮಾಡಿ ಸೀತೆ ಹೊರಟಳು’ ಅಸಾಧು. ಪೂರ್ವಕ್ರಿಯೆಗೂ ಮುಖ್ಯಕ್ರಿಯೆಗೂ ಕರ್ತೃ ಒಂದೇ ಆಗಿರಬೇಕೆಂಬ ನಿಯಮವನ್ನು ಸಂಸ್ಕೃತಕ್ಕೆ ಪಾಣಿನಿಯೇ ಹೇಳಿದ್ದಾನೆ. ಆದರೆ ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃಗಳು ಎರಡಾದರೂ ಮಾತು ಸಾಧು. ಮೊದಲನೆಯ ಕ್ರಿಯೆ ಎರಡನೆಯದಕ್ಕೆ ಕಾರಣವಾಗಿದೆ, ಎರಡರಲ್ಲಿಯೂ ಯಾರ ಇಚ್ಛೆಯೂ ಇಲ್ಲ. ನಿಯಮವನ್ನೂ ಅದರ ಅಪವಾದವನ್ನೂ ಬಲ್ಲವನೇ ಇಂತಹ ಜೋಡಿಗಳನ್ನು ರಚಿಸಬಲ್ಲನು. ಯಂತ್ರ ಇವನ್ನು ಬಿಡಿಸಿದರೆ ಅದಕ್ಕೆ ಸಲ್ಲಬೇಕಾದ ಗೌರವವನ್ನು ನಿಸ್ಸಂಕೋಚವಾಗಿ ಸಲ್ಲಿಸಬೇಕು.

ಹೊರನಾಡಿನಲ್ಲಿರುವ ನಮಗೆ ಈ ವಿಚಾರ ಕೇವಲ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಕೇಳುವ ಕನ್ನಡ ಸ್ವಲ್ಪ. ಶಾಲೆಯಲ್ಲಿ ಅನೇಕರಿಗೆ ಅದೂ ಇಲ್ಲ. ಕಾಗದವೊಂದನ್ನು ಕನ್ನಡದಲ್ಲಿ ಬರೆಯಬೇಕಾದರೆ ಯಂತ್ರವನ್ನು ಕೇಳುವುದು ಅವರಿಗೆ ಸಹಜವಾಗಿದೆ. ಸಂದೇಹ ಬಂದಾಗ ತಾಯಿಯ ಮಾತು ಸರಿಯೋ ಯಂತ್ರದ ಮಾತು ಸರಿಯೋ ಎಂದು ತೀರ್ಮಾನಿಸುವವರು ಯಾರು? ಯಂತ್ರಕ್ಕೆ ಗೊತ್ತಿರುವುದು ಹೆಚ್ಚಾಗಿ ಅಚ್ಚಿನಲ್ಲಿ ಬಂದ, ಅದರಲ್ಲಿಯೂ ಗಣಕಕ್ಕೆ ಏರಿದ ಕನ್ನಡ. ಧಾರವಾಡದ ಅಜ್ಜಿಯ ಮಾತಾಗಲಿ, ಕುಂದಾಪುರದ ಮನೆಮಾತಾಗಲಿ, ಮೂರು ತಲೆಮಾರು ಮುಂಬಯಿಯಲ್ಲಿ ಬೆಳೆದ ಕನ್ನಡವಾಗಲಿ ಆ ಎಣಿಕೆಯಲ್ಲಿ ಬಹಳ ಚಿಕ್ಕ ಅಂಕೆ. ಕಡಮೆ ಸಲ ಬಂದುದು ತಪ್ಪೆಂದು ಎಣಿಕೆ ತಾನಾಗಿ ಹೇಳುವುದಿಲ್ಲ. ಆದರೆ ಹೆಚ್ಚು ಸಲ ಬಂದುದನ್ನೇ ಅದು ಮತ್ತೆ ಮತ್ತೆ ಮುಂದಿಡುವುದರಿಂದ ಉಳಿದುದು ತಪ್ಪೆಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ವಿರಳವಾದುದು ಬೇರೆ, ಅಸಾಧುವಾದುದು ಬೇರೆ ಎಂಬ ವಿವೇಕವನ್ನು ಕೊಡಬಲ್ಲದು ವ್ಯಾಕರಣ. ಅದನ್ನು ಅನಾವಶ್ಯಕವೆಂದು ಬಿಟ್ಟರೆ ಮೊದಲು ನಷ್ಟಕ್ಕೆ ಒಳಗಾಗುವವರು ಸಂಖ್ಯೆಯಲ್ಲಿ ಚಿಕ್ಕವರಾದ ನಮ್ಮಂತಹವರು.

ಆದುದರಿಂದ ಚಾಮ್‌ಸ್ಕಿಯವರ ಪಕ್ಷ ಗೆದ್ದಿತೋ ಎದುರುಪಕ್ಷ ಗೆದ್ದಿತೋ ಎಂಬುದಕ್ಕಿಂತ, ಎರಡು ಪಕ್ಷಗಳಿಂದಲೂ ಕನ್ನಡಕ್ಕೆ ಬರಬೇಕಾದುದನ್ನು ವಸೂಲು ಮಾಡುವುದು ನಮಗೆ ಮುಖ್ಯ. ಮನೆಮನೆಯ ಮಾತನ್ನು ಧ್ವನಿಮುದ್ರಿಸಿ, ಯಾವ ಊರಿನದು, ಯಾವ ತಲೆಮಾರಿನದು ಎಂಬ ವಿವರದೊಡನೆ ಕೂಡಿಸಿಡುವ ಕೆಲಸ, ಅದಕ್ಕೆ ವ್ಯಾಕರಣದ ಗುರುತುಗಳನ್ನು ಹಾಕುವ ಕೆಲಸ, ಸಾಧು-ಅಸಾಧುಗಳ ಜೋಡಿಗಳನ್ನು ಬರೆಯುವ ಕೆಲಸ — ಇವು ಮೂರೂ ದೊಡ್ಡ ಯಂತ್ರವನ್ನಾಗಲಿ ದೊಡ್ಡ ಹಣವನ್ನಾಗಲಿ ಬೇಡುವುದಿಲ್ಲ. ನಗರಗಳ ಕನ್ನಡ ಸಂಘಗಳಲ್ಲಿ ವ್ಯಾಕರಣ ಬಲ್ಲ ಹಿರಿಯರೂ ಗಣಕವನ್ನು ಬಲ್ಲ ತರುಣರೂ ಇದ್ದಾರೆ. ಅವರು ಒಂದೇ ಮೇಜಿನ ಮುಂದೆ ಕುಳಿತರೆ ಕೆಲಸ ಆರಂಭವಾಗುತ್ತದೆ.